ಥೈಮಸ್ ಗ್ರಂಥಿಯ ಕಾರ್ಯವೂ ಜಾಕ್ ಮಿಲ್ಲರ್ ಅವರ ಸಂಶೋಧನೆಗಳೂ

ಶರೀರದೊಳಗಿನ ಒಂದು ಅಂಗದ ಕಾರ್ಯವೇನೆಂಬುದು ತಿಳಿಯದಿದ್ದಾಗ, ಅದನ್ನು ಕತ್ತರಿಸಿ ತೆಗೆದು, ಪ್ರಾಣಿಗೆ ಏನಾಗುವುದೆಂದು ಕಾದು ನೋಡುವುದು ಶರೀರಕ್ರಿಯಾಶಾಸ್ತ್ರದ ಬಹು ಹಳೆಯ ಕ್ರಮ. ೧೮೮೯ರಲ್ಲಿ ಫಾನ್ ಮೆರಿಂಗ್ ಮತ್ತು ಮಿಂಕೋವ್‌ಸ್ಕಿ ಎಂಬ ವಿದ್ವಾಂಸರು ನಾಯಿಯೊಂದರ ಮೇದೋಜೀರಕಾಂಗವನ್ನು ತೆಗೆದರು. ನಾಯಿಗೆ ಸಿಹಿಮೂತ್ರರೋಗ ತಲೆದೋರಿತು. ಆ ಅಂಗಕ್ಕೂ ಶರೀರವು ಸಕ್ಕರೆಯನ್ನು ಬಳಸಿಕೊಳ್ಳುವ ಬಗೆಗೂ ಇರುವ ಸಂಬಂಧ ಅದರಿಂದ ಸ್ಪಷ್ಟವಾಯಿತು. ಥೈರಾಯಿಡ್ ಮೊದಲಾದ ಇತರ ಗ್ರಂಥಿಗಳ ಗುಟ್ಟು ಹೊರಬಿದ್ದುದಕ್ಕೂ ಈ ಕ್ರಮವು ಬಹಳ ಮಟ್ಟಿಗೆ ನೆರವಾಯಿತು. ಆದರೆ ಎದೆಯ ನಡುಮೂಳೆಯ ಹಿಂದೆ, ಹೃದಯದ ಮೇಲ್ಭಾಗದಲ್ಲಿ, ಎರಡು ಹಾಲೆಗಳಾಗಿ ಹರಡಿಕೊಂಡಿರುವ ಥೈಮಸ್ ಗ್ರಂಥಿಯ ವಿಷಯದಲ್ಲಿ ಮಾತ್ರ ಈ ಕ್ರಮವು ಉತ್ತರವನ್ನೇ ಕೊಡಲಿಲ್ಲ. ಬೆಳೆದ ಪ್ರಾಣಿಗಳಲ್ಲಿ ಅದನ್ನು ತೆಗೆದುಹಾಕಿದರೆ ಅವು ಮೊದಲಿನಂತೆಯೇ ತಿಂದುಂಡು ಓಡಾಡಿಕೊಂಡಿದ್ದುವು. ರೋಗಾಣುಗಳನ್ನು ಚುಚ್ಚಿದರೆ ಮೊದಲಿನಂತೆಯೇ ಪ್ರತಿಕಾಯಗಳನ್ನು ಉತ್ಪತ್ತಿ ಮಾಡುತ್ತಿದ್ದುವು. ಏನೂ ಆಗಲಿಲ್ಲವೆಂಬುದೇ ಪ್ರಯೋಗದ ಫಲ. ಈ ಫಲವು ಸುಳ್ಳಲ್ಲ. ಅದರಿಂದ ತೆಗೆದ ತೀರ್ಮಾನವು ಮಾತ್ರ ತಪ್ಪಾಗಿತ್ತು. ಅದು ತಪ್ಪೆಂದು ೧೯೬೧ರಲ್ಲಿ ತೋರಿಸಿಕೊಟ್ಟ ಜಾಕ್ ಮಿಲ್ಲರ್ ಅವರ ಜೀವನವನ್ನೂ ಸಂಶೋಧನೆಗಳನ್ನೂ ಕಾಲೇಜಿನ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಪರಿಚಯ ಮಾಡಿಕೊಡುವುದು ಪ್ರಕೃತ ಲೇಖನದ ಉದ್ದೇಶ. ಮಾನವ ಶರೀರದ ಪ್ರಧಾನ ಅಂಗಗಳ ಪೈಕಿ ಕಟ್ಟಕಡೆಗೆ ತನ್ನ ಕಾರ್ಯವನ್ನು ಬಿಟ್ಟುಕೊಟ್ಟದ್ದು ಥೈಮಸ್ ಎಂದು ಹೇಳುವುದುಂಟು. ಆ ಮಾತಿನಲ್ಲಿ ಅತಿಶಯವೇನೂ ಇಲ್ಲವೆಂದೇ ನಮ್ಮ ಅಭಿಪ್ರಾಯ.

ಥೈಮಸ್ ಎಂಬುದು ಗ್ರೀಕ್ ಮೂಲದ ಪದ. ಥೈಮ್ ಎಂಬ ಸುಗಂಧ ಸಸ್ಯದ ಎಲೆಯ ಆಕಾರವನ್ನು ಹೋಲುವುದರಿಂದ ಈ ಹೆಸರು ಬಂದಿತೆಂದು ಕೆಲವರೂ, ಗ್ರೀಕರಲ್ಲಿ ಪ್ರಾಣ, ಚೈತನ್ಯ ಎಂಬರ್ಥದ ಪದದಿಂದ ಬಂದಿತೆಂದು ಮತ್ತೆ ಕೆಲವರೂ ಹೇಳುತ್ತಾರೆ. ಹೆಸರಿನ ಮೂಲ ಹೇಗಾದರೂ ಇರಲಿ, ಈ ಗ್ರಂಥಿಯ ಒಂದು ವಿಶೇಷವನ್ನು ಇಲ್ಲಿಯೇ ಗಮನಿಸಬೇಕು. ಶಿಶುವಿನಲ್ಲಿ ಇದು ದೇಹದ ಅಳತೆಗೆ ಹೋಲಿಸಿದರೆ ಬಹು ದೊಡ್ಡದು. ಪ್ರಾಯಕ್ಕೆ ಬಂದ ಮೇಲೆ ಕ್ರಮೇಣ ಕುಗ್ಗಿ, ಮುದುಕರಲ್ಲಿ ಬಹುಮಟ್ಟಿಗೆ ಕೊಬ್ಬಿನ ಮುದ್ದೆಯಾಗಿ ಉಳಿಯುತ್ತದೆ. ಬೇರೆ ಯಾವ ಅಂಗವೂ ಇಷ್ಟು ಬೇಗ ನಿವೃತ್ತಿ ಹೊಂದುವುದಿಲ್ಲ. ಕಾಯಿಲೆಯಿಂದ, ಉಪವಾಸದಿಂದ, ಬಳಲಿಕೆಯಿಂದಲೂ ಅದು ಕೆಲವೇ ದಿನಗಳಲ್ಲಿ ಸೊರಗಿಹೋಗುತ್ತದೆ. ಈ ಎರಡನೆಯ ಸಂಗತಿಯನ್ನು ತಿಳಿಯದೆ ಹೋದುದರಿಂದ ಒದಗಿದ ಅನರ್ಥವು ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಒಂದು ದುಃಖಕರವಾದ ಅಧ್ಯಾಯ.

ಹತ್ತೊಂಬತ್ತನೆಯ ಶತಮಾನದ ಅಂಗಚ್ಛೇದಕರ ಬಳಿಗೆ ಬರುತ್ತಿದ್ದ ಮಕ್ಕಳ ಹೆಣಗಳು ಬಹುಮಟ್ಟಿಗೆ ದೀರ್ಘಕಾಲ ಕಾಯಿಲೆಯಿಂದ ನರಳಿ ಸತ್ತವರವು. ಅವುಗಳಲ್ಲಿ ಥೈಮಸ್ ಆಗಲೇ ಸೊರಗಿರುತ್ತಿತ್ತು. ಅದನ್ನೇ ಸಹಜವಾದ ಗಾತ್ರವೆಂದು ಭಾವಿಸಿದ್ದಾಯಿತು. ಆರೋಗ್ಯವಾಗಿದ್ದು ರಾತ್ರಿಯ ನಿದ್ದೆಯಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡ ಕೂಸಿನ ಶರೀರವನ್ನು ಛೇದಿಸಿ ನೋಡಿದಾಗ ಥೈಮಸ್ ತನ್ನ ನಿಜವಾದ ಗಾತ್ರದಲ್ಲಿ ಕಾಣಿಸುತ್ತಿತ್ತು. ಅದು ಅತಿಯಾಗಿ ಬೆಳೆದು ಉಸಿರ್ನಾಳವನ್ನು ಒತ್ತಿ ಕೂಸನ್ನು ಕೊಂದಿತೆಂದು ಬಗೆದರು. ೧೮೮೯ರಲ್ಲಿ ವಿಯೆನ್ನಾದ ಪಾಲ್ಟೌಫ್ ಎಂಬಾತನು ಇದಕ್ಕೊಂದು ಉದ್ದವಾದ ಲ್ಯಾಟಿನ್ ಹೆಸರನ್ನೂ ಕೊಟ್ಟನು. ಹೆಸರು ಸಿಕ್ಕಿದ ಮೇಲೆ ರೋಗವು ಇದೆಯೆಂಬ ನಂಬಿಕೆ ಗಟ್ಟಿಯಾಯಿತು. ೧೯೦೭ರಿಂದ ಮುಂದಕ್ಕೆ ಅಮೆರಿಕದಲ್ಲಿ ಈ 'ಬೆಳೆದ' ಥೈಮಸನ್ನು ಕುಗ್ಗಿಸಲು ಎಳೆಗೂಸುಗಳ ಎದೆಗೆ ಕ್ಷಕಿರಣಗಳನ್ನು ಹಾಯಿಸುವ ಪದ್ಧತಿ ಬಂದಿತು. ಗ್ರಂಥಿಯೇನೋ ಕುಗ್ಗುತ್ತಿತ್ತು, ಕೂಸೂ ಬದುಕುತ್ತಿತ್ತು, ಏಕೆಂದರೆ ಅದಕ್ಕೆ ಮೊದಲೇ ಯಾವ ರೋಗವೂ ಇರಲಿಲ್ಲ. ೧೯೩೧ರಲ್ಲಿ ಇಂಗ್ಲೆಂಡಿನ ವಿಚಾರಣಾ ಸಮಿತಿಯೊಂದು ತಾನು ಕಲೆಹಾಕಿದ ಅಂಕಿ ಅಂಶಗಳನ್ನು ವಿಮರ್ಶಿಸಿ, ಇಂತಹ ರೋಗವೊಂದಿದೆಯೆಂಬುದಕ್ಕೆ ಆಧಾರವೇ ಇಲ್ಲವೆಂದು ತೀರ್ಮಾನಿಸಿತು. ಆದರೂ ಕಿರಣಚಿಕಿತ್ಸೆ ನಿಲ್ಲಲಿಲ್ಲ. ೧೯೫೦ರಲ್ಲಿ ನ್ಯೂಯಾರ್ಕಿನ ಡಫಿ ಮತ್ತು ಫಿಟ್ಜ್‌ಜೆರಾಲ್ಡ್ ಎಂಬ ವೈದ್ಯರು ಥೈರಾಯಿಡ್ ಗ್ರಂಥಿಯ ಕ್ಯಾನ್ಸರಿಗೆ ಗುರಿಯಾದ ಎಳೆಯರ ಪೂರ್ವವೃತ್ತಾಂತವನ್ನು ಪರಿಶೀಲಿಸಿದಾಗ, ಅವರಲ್ಲಿ ಅನೇಕರು ಶೈಶವದಲ್ಲಿ ಥೈಮಸಿಗಾಗಿ ಈ ಚಿಕಿತ್ಸೆಯನ್ನು ಪಡೆದವರೆಂದು ಗೊತ್ತಾಯಿತು. ಒಂದು ಅಂಗದ ಕಾರ್ಯವನ್ನು ಅರಿಯದಿರುವುದು ಕೇವಲ ಪುಸ್ತಕದೊಳಗಿನ ಕೊರತೆಯಲ್ಲವೆಂಬುದನ್ನು ನೆನಪಿನಲ್ಲಿಡುವುದಕ್ಕಾಗಿಯೇ ಇಷ್ಟನ್ನು ವಿಸ್ತರಿಸಿದ್ದೇವೆ.

ರೋಗನಿರೋಧಶಾಸ್ತ್ರಜ್ಞರು ಥೈಮಸನ್ನು ಕಡೆಗಣಿಸಲು ಇನ್ನೊಂದು ಕಾರಣವೂ ಇದ್ದಿತು. ಈ ಗ್ರಂಥಿಯ ತುಂಬ ಲಿಂಫೋಸೈಟ್ ಎಂಬ ಸಣ್ಣ ದುಂಡನೆಯ ಬಿಳಿಯ ಕಣಗಳೇ ಕಿಕ್ಕಿರಿದಿರುತ್ತವೆ. ಇದು ಹದಿನೆಂಟನೆಯ ಶತಮಾನದಿಂದಲೂ ತಿಳಿದ ಸಂಗತಿ. ರಕ್ತದಲ್ಲಿಯೂ, ಗುಲ್ಮದಲ್ಲಿಯೂ, ಕುತ್ತಿಗೆ ಕಂಕುಳುಗಳ ದುಗ್ಧಗ್ರಂಥಿಗಳಲ್ಲಿಯೂ ಇರುವವು ಇವೇ. ಆದರೆ ಲಿಂಫೋಸೈಟಿನ ಕೆಲಸವೇನೆಂಬುದೇ ೧೯೫೦ರ ದಶಕದ ಕೊನೆಯವರೆಗೆ ನಿಶ್ಚಯವಾಗಿರಲಿಲ್ಲ. ಆಕ್ಸ್‌ಫರ್ಡಿನ ಜೇಮ್ಸ್ ಗೋವನ್ಸ್ ಅವರು, ಈ ಕಣಗಳು ರಕ್ತದಿಂದ ದುಗ್ಧರಸಕ್ಕೂ ಅಲ್ಲಿಂದ ಮರಳಿ ರಕ್ತಕ್ಕೂ ಸತತವಾಗಿ ಸುತ್ತುತ್ತಿರುವುವೆಂದೂ, ಅನ್ಯವಸ್ತುವನ್ನು ಗುರುತಿಸಿ ಶರೀರವನ್ನು ಎಚ್ಚರಿಸುವ ಶಕ್ತಿ ಇವುಗಳಲ್ಲಿಯೇ ಇರುವುದೆಂದೂ ತೋರಿಸಿದ್ದು ಆ ವೇಳೆಗೆ. ಅಷ್ಟಾದರೂ ಥೈಮಸಿನ ಲಿಂಫೋಸೈಟುಗಳ ಬಗೆಗೆ ವಿದ್ವಾಂಸರು ಅನಾದರದಿಂದಲೇ ಇದ್ದರು. ಪ್ರಾಣಿಗೆ ರೋಗಾಣುವನ್ನು ಚುಚ್ಚಿದಾಗ ಗುಲ್ಮವೂ ದುಗ್ಧಗ್ರಂಥಿಗಳೂ ಉಬ್ಬಿ ಪ್ರತಿಕಾಯಗಳನ್ನು ಸುರಿಸುತ್ತವೆ. ಥೈಮಸ್ ಮಾತ್ರ ಸುಮ್ಮನಿರುತ್ತದೆ. ಕೆಲಸದ ಹೊತ್ತಿನಲ್ಲಿ ಸುಮ್ಮನಿರುವವನನ್ನು ಸೋಮಾರಿಯೆನ್ನುವುದು ಲೋಕರೂಢಿ. ಸಾಯಲೆಂದು ಬರುವ ಲಿಂಫೋಸೈಟುಗಳ ಸ್ಮಶಾನವಿದು ಎಂಬುದು ಆಗ ಪ್ರಚಲಿತವಾಗಿದ್ದ ಮತ.

ಜಾಕ್ ಮಿಲ್ಲರ್ ಅವರು ೧೯೩೧ರ ಏಪ್ರಿಲ್ ೨ರಂದು ಫ್ರಾನ್ಸಿನ ನೀಸ್ ನಗರದಲ್ಲಿ ಜನಿಸಿದರು. ಮನೆತನದ ಹೆಸರು ಮ್ಯೂನಿಯೇ. ಬಾಲ್ಯದ ವರ್ಷಗಳು ಫ್ರಾನ್ಸ್, ಸ್ವಿಟ್ಜರ್ಲೆಂಡ್ ಮತ್ತು ಚೀನದಲ್ಲಿ ಕಳೆದುವು. ಯುದ್ಧವು ಪೂರ್ವದಿಕ್ಕಿಗೂ ಹಬ್ಬುವ ಸೂಚನೆ ಕಾಣಿಸಲು, ಕುಟುಂಬವು ೧೯೪೧ರಲ್ಲಿ ಆಸ್ಟ್ರೇಲಿಯದ ಸಿಡ್ನಿ ನಗರಕ್ಕೆ ಬಂದು ನೆಲೆಸಿ, ಹೆಸರನ್ನು ಮಿಲ್ಲರ್ ಎಂದು ಬದಲಾಯಿಸಿಕೊಂಡಿತು. ಸೋದರಿಯೊಬ್ಬಳು ಕ್ಷಯರೋಗದಿಂದ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡಳು. ಒಂದೇ ಮನೆಯಲ್ಲಿದ್ದ ತಮಗೆಲ್ಲ ತಗುಲದ ರೋಗವು ಆಕೆಯನ್ನು ಮಾತ್ರ ಕೊಂಡೊಯ್ದದ್ದೇಕೆ ಎಂಬ ಪ್ರಶ್ನೆಯೇ ತಮ್ಮನ್ನು ವೈದ್ಯಶಾಸ್ತ್ರದ ಕಡೆಗೆ ಎಳೆಯಿತೆಂಬ ಅರ್ಥದ ಮಾತನ್ನು ಅವರು ಮುಂದೆ ಹೇಳಿಕೊಂಡಿದ್ದಾರೆ. ಸಿಡ್ನಿ ವಿಶ್ವವಿದ್ಯಾನಿಲಯದಲ್ಲಿ ವೈದ್ಯಪದವಿಯನ್ನು ಪಡೆದು, ೧೯೫೮ರಲ್ಲಿ ವಿದ್ಯಾರ್ಥಿವೇತನವೊಂದರ ನೆರವಿನಿಂದ ಲಂಡನ್ನಿನ ಚೆಸ್ಟರ್ ಬೀಟಿ ಸಂಶೋಧನಾಲಯವನ್ನು ಸೇರಿದರು. ಅದು ಕ್ಯಾನ್ಸರ್ ಸಂಶೋಧನೆಯ ಸಂಸ್ಥೆ. ಮಿಲ್ಲರ್ ಅವರಿಗೆ ದೊರೆತ ಸ್ಥಳವು ನಗರದ ಮುಖ್ಯ ಕಟ್ಟಡದಲ್ಲಲ್ಲ. ಬಕಿಂಗ್‌ಹ್ಯಾಮ್‌ಷೈರಿನ ಪೊಲಾರ್ಡ್ಸ್ ವುಡ್ ಎಂಬ ಹಳ್ಳಿಗಾಡಿನ ಶಾಖೆಯಲ್ಲಿ. ಅಲ್ಲಿ ಹಿಂದೆ ಕುದುರೆ ಲಾಯವಾಗಿದ್ದ ಕಟ್ಟಡದಲ್ಲಿ ಅವರ ಸುಂಡಿಲಿಗಳನ್ನು ಸಾಕಲಾಗಿತ್ತು. ಈ ಸಂಗತಿಯನ್ನು ಓದುಗರು ನೆನಪಿಡಬೇಕು. ಮುಂದೆ ಇದರಿಂದ ಉಪಯೋಗವಾಗಲಿದೆ.

ಅವರು ಆರಿಸಿಕೊಂಡ ವಿಷಯಕ್ಕೂ ರೋಗನಿರೋಧಕ್ಕೂ ನೇರವಾದ ಸಂಬಂಧವೇನೂ ಇರಲಿಲ್ಲ. ೧೯೫೧ರಲ್ಲಿ ನ್ಯೂಯಾರ್ಕಿನ ಲುಡ್ವಿಕ್ ಗ್ರಾಸ್ ಎಂಬವರು ಸುಂಡಿಲಿಗಳಿಗೆ ಲ್ಯುಕೀಮಿಯ ಎಂಬ ರಕ್ತದ ಕ್ಯಾನ್ಸರನ್ನು ತರುವ ವೈರಸ್ಸೊಂದನ್ನು ಪ್ರಕಟಪಡಿಸಿದ್ದರು. ಈ ವೈರಸ್ಸಿಗೆ ಎರಡು ವಿಚಿತ್ರ ಗುಣಗಳಿದ್ದುವು. ಆಗತಾನೆ ಹುಟ್ಟಿದ ಮರಿಗೆ ಚುಚ್ಚಿದರೆ ಮಾತ್ರ ರೋಗ ಬರುತ್ತಿತ್ತು, ಬೆಳೆದ ಪ್ರಾಣಿಗೆ ಬರುತ್ತಿರಲಿಲ್ಲ. ಮತ್ತು ರೋಗವು ಮೊದಲು ಕಾಣಿಸಿಕೊಳ್ಳುತ್ತಿದ್ದುದು ಥೈಮಸಿನಲ್ಲಿ. ಹುಟ್ಟಿದಾಗ ವೈರಸ್ ಚುಚ್ಚಿಸಿಕೊಂಡ ಮರಿಗೆ ಒಂದು ತಿಂಗಳು ತುಂಬಿದಾಗ ಥೈಮಸನ್ನು ತೆಗೆದುಬಿಟ್ಟರೆ ಲ್ಯುಕೀಮಿಯ ಬರುವುದಿಲ್ಲವೆಂದು ಮಿಲ್ಲರ್ ಕಂಡರು. ಹಾಗೆ ತೆಗೆದ ಪ್ರಾಣಿಗೆ ತಿಂಗಳುಗಳಾದ ಮೇಲೆ ಬೇರೊಂದು ಥೈಮಸನ್ನು ಕಸಿಮಾಡಿದರೆ ರೋಗವು ಮತ್ತೆ ಬಂದಿತು. ಅಂದರೆ ವೈರಸ್ಸು ದೇಹದಲ್ಲಿ ಬೇರೆಲ್ಲಿಯೋ ಅಡಗಿ ಕುಳಿತಿದ್ದಿತು. ಹಾಗಾದರೆ ಅದು ಮೊದಲು ಬೇರೂರುವುದಕ್ಕಾದರೂ ಥೈಮಸ್ ಬೇಕೇ, ಬೇಡವೇ? ಇದನ್ನು ತಿಳಿಯಲು ಒಂದೇ ಮಾರ್ಗ. ವೈರಸ್ಸನ್ನು ಚುಚ್ಚುವುದಕ್ಕೂ ಮುಂಚೆ, ಎಂದರೆ ಮರಿ ಹುಟ್ಟಿದ ದಿನವೇ, ಥೈಮಸನ್ನು ತೆಗೆಯಬೇಕು.

ಈ ಶಸ್ತ್ರಕ್ರಿಯೆಯ ಕಷ್ಟವನ್ನು ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳಿಗೆ ವಿವರಿಸಬೇಕಾಗಿಲ್ಲ. ನವಜಾತ ಸುಂಡಿಲಿಯ ತೂಕವು ಒಂದು ಒಂದೂವರೆ ಗ್ರಾಮಿನಷ್ಟು. ಥೈಮಸ್ ಹೃದಯಕ್ಕೆ ಅಂಟಿಕೊಂಡಂತೆ ಇರುತ್ತದೆ. ಶ್ವಾಸಕೋಶದ ಪೊರೆಗೆ ಚೂರು ಗಾಯವಾದರೂ ಮರಿ ಉಳಿಯದು. ರಕ್ತದ ವಾಸನೆಯಿದ್ದರೆ ತಾಯಿಯೇ ಮರಿಯನ್ನು ತಿಂದುಹಾಕುವುದೂ ಉಂಟು. ಮಿಲ್ಲರ್ ಅವರು ಹುಟ್ಟಿ ಹದಿನಾರು ಗಂಟೆಗಳೊಳಗಾಗಿ ಈ ಕೆಲಸವನ್ನು ಮಾಡುವ ಕೈಚಳಕವನ್ನು ಸಾಧಿಸಿದರು. ಮರಿಗಳು ಬದುಕಿದುವು, ಮೊಲೆಯುಂಡುವು, ಬೆಳೆದುವು. ಆದರೆ ಮೊಲೆ ಬಿಟ್ಟ ಮೇಲೆ ಅವು ಒಂದೊಂದಾಗಿ ಸೊರಗತೊಡಗಿದುವು. ಮೈ ಇಳಿದು, ಬೆನ್ನು ಗೂನಾಗಿ, ಭೇದಿಯಾಗಿ ಬಹುಪಾಲು ಸತ್ತುವು. ಇಲ್ಲಿಯೇ ಅವರ ಜಾಗರೂಕತೆಯನ್ನು ಮೆಚ್ಚಬೇಕು. ವೈರಸ್ ಚುಚ್ಚಿದ ಮರಿಗಳು ಸತ್ತರೆ ಅದಕ್ಕೆ ವೈರಸ್ಸೇ ಕಾರಣವೆಂದು ಸುಲಭವಾಗಿ ಹೇಳಿಬಿಡಬಹುದಾಗಿತ್ತು. ವೈರಸ್ ಚುಚ್ಚದೆ ಥೈಮಸನ್ನು ಮಾತ್ರ ತೆಗೆದ ಮರಿಗಳನ್ನೂ ಅವರು ಪಕ್ಕದಲ್ಲಿ ಇಟ್ಟುಕೊಂಡಿದ್ದರು, ಅವೂ ಅದೇ ರೀತಿ ಸೊರಗಿ ಸತ್ತುವು. ಎದೆಯನ್ನು ಸೀಳಿ, ಥೈಮಸನ್ನು ಮುಟ್ಟದೆ, ಮತ್ತೆ ಮುಚ್ಚಿದ ಮರಿಗಳು ಮಾತ್ರ ಚೆನ್ನಾಗಿಯೇ ಇದ್ದುವು. ಆದುದರಿಂದ ತಪ್ಪು ವೈರಸ್ಸಿನದೂ ಅಲ್ಲ, ಚಾಕುವಿನದೂ ಅಲ್ಲ.

ಸತ್ತ ಮರಿಗಳನ್ನು ಛೇದಿಸಿ ನೋಡಿದಾಗ ಯಕೃತ್ತಿನಲ್ಲಿ ಸೋಂಕಿನ ಕುರುಹುಗಳು ಕಂಡುವು. ರಕ್ತದಲ್ಲಿಯೂ ದುಗ್ಧಗ್ರಂಥಿಗಳಲ್ಲಿಯೂ ಲಿಂಫೋಸೈಟುಗಳು ಬಹಳ ವಿರಳವಾಗಿದ್ದುವು. ಸೋಂಕನ್ನು ತಡೆಯುವ ಶಕ್ತಿಯೇ ಈ ಪ್ರಾಣಿಗಳಲ್ಲಿ ಉಡುಗಿಹೋಗಿದೆಯೆಂಬ ಶಂಕೆ ಹುಟ್ಟಿತು. ಅದನ್ನು ಪರೀಕ್ಷಿಸಲು ಮಿಲ್ಲರ್ ಅವರು, ಥೈಮಸಿಲ್ಲದ ಸುಂಡಿಲಿಗಳಿಗೆ ಅನ್ಯ ತಳಿಯ ಸುಂಡಿಲಿಗಳ ಚರ್ಮವನ್ನು ಕಸಿಮಾಡಿದರು. ಆರೋಗ್ಯವಂತ ಪ್ರಾಣಿಯು ಅನ್ಯರ ಚರ್ಮವನ್ನು ಹೆಚ್ಚೆಂದರೆ ಎರಡು ವಾರಗಳಲ್ಲಿ ಉದುರಿಸಿಬಿಡುತ್ತದೆ. ಈ ಪ್ರಾಣಿಗಳಾದರೋ ಅದನ್ನು ತಮ್ಮದೆಂದೇ ಒಪ್ಪಿಕೊಂಡುವು. ಅವುಗಳ ಬೆನ್ನಿನ ಮೇಲೆ ಅನ್ಯ ಬಣ್ಣದ ಕೂದಲು ಹುಲುಸಾಗಿ ಬೆಳೆಯಿತು. ಬೇರೊಂದು ಜಾತಿಯೇ ಆದ ದೊಡ್ಡ ಇಲಿಯ ಚರ್ಮವನ್ನು ಕೂಡ ಅವು ತಿರಸ್ಕರಿಸಲಿಲ್ಲ. ೧೯೬೧ರ ಸೆಪ್ಟೆಂಬರ್ ೩೦ರ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಈ ಫಲಿತಾಂಶಗಳು ಚಿಕ್ಕದೊಂದು ಲೇಖನವಾಗಿ ಪ್ರಕಟವಾದುವು. ರೋಗನಿರೋಧಕ್ಕೆ ಬೇಕಾದ ಲಿಂಫೋಸೈಟುಗಳು ಹುಟ್ಟುವ ಸ್ಥಾನ ಥೈಮಸ್ ಎಂದೂ, ಅವು ಬಾಲ್ಯದ ಆದಿಯಲ್ಲಿಯೇ ಅಲ್ಲಿಂದ ಹೊರಟು ಉಳಿದ ಅಂಗಗಳಲ್ಲಿ ನೆಲೆಸುವುವೆಂದೂ ಅದರ ಅಭಿಪ್ರಾಯ.

ಹಳೆಯ ಪ್ರಯೋಗಗಳು ಏಕೆ ಮೂಕವಾಗಿದ್ದುವೆಂಬುದು ಈಗ ತಿಳಿಯುತ್ತದೆ. ಕೆರೆ ತುಂಬಿದ ಮೇಲೆ ಕಾಲುವೆಯನ್ನು ಮುಚ್ಚಿ, ಕೆರೆಯಲ್ಲಿ ನೀರು ಇಳಿಯಲಿಲ್ಲವಾದ್ದರಿಂದ ಕಾಲುವೆಯು ನಿಷ್ಪ್ರಯೋಜಕವೆಂದು ಹೇಳಿದ ಹಾಗೆ ಅವು ಇದ್ದುವು. ಬೆಳೆದ ಪ್ರಾಣಿಯ ಥೈಮಸನ್ನು ತೆಗೆಯುವ ವೇಳೆಗೆ ಅದು ಕಳುಹಿಸಬೇಕಾದ ಕಣಗಳನ್ನೆಲ್ಲ ಕಳುಹಿಸಿ ಆಗಿರುತ್ತಿತ್ತು. ಆ ಕಣಗಳು ದೀರ್ಘಾಯುಗಳು. ಶಸ್ತ್ರಕ್ರಿಯೆಯ ಕೌಶಲದಲ್ಲಿ ಹಿಂದಿನವರಿಗೆ ಕೊರತೆಯಿರಲಿಲ್ಲ. ಕಾಲದ ಪ್ರಶ್ನೆಯನ್ನು ಅವರು ಕೇಳಿರಲಿಲ್ಲ, ಅಷ್ಟೆ. ಮಿಲ್ಲರ್ ಅವರೂ ಆ ಪ್ರಶ್ನೆಯನ್ನು ಥೈಮಸಿಗಾಗಿ ಕೇಳಿದವರಲ್ಲ. ವೈರಸ್ಸಿನ ಚಪಲತೆಯೇ ಅವರನ್ನು ಮರಿ ಹುಟ್ಟಿದ ದಿನಕ್ಕೆ ಕೊಂಡೊಯ್ದಿತು.

ಲೇಖನವು ಪ್ರಕಟವಾದೊಡನೆ ಎಲ್ಲರೂ ಒಪ್ಪಿದರೆಂದು ತಿಳಿಯಬಾರದು. ಕೇಳಿದವರು ಹಲವು ಆಕ್ಷೇಪಗಳನ್ನು ಎತ್ತಿದರು. ಕುದುರೆ ಲಾಯದ ಕೊಳಕಿನಲ್ಲಿ ಸಾಕಿದ ಇಲಿಗಳಿಗೆ ಸೋಂಕು ತಗುಲಿದ್ದೇ ಸಾವಿಗೆ ಕಾರಣವಾಗಿರಬಹುದು, ನಿತ್ರಾಣವಾದ ಪ್ರಾಣಿಯು ಕಸಿಯನ್ನು ತಿರಸ್ಕರಿಸದಿದ್ದರೆ ಅದರಲ್ಲಿ ಆಶ್ಚರ್ಯವೇನು, ಎಂದು ಕೆಲವರು ಹೇಳಿದರು. ಕಸಿಯ ಶಾಸ್ತ್ರಕ್ಕಾಗಿ ೧೯೬೦ರ ನೊಬೆಲ್ ಪಾರಿತೋಷಕವನ್ನು ಪಡೆದಿದ್ದ ಪೀಟರ್ ಮೆಡವಾರ್ ಅವರಂತಹ ಧೀಮಂತರೇ, ಥೈಮಸಿನಲ್ಲಿ ಲಿಂಫೋಸೈಟುಗಳಿರುವುದು ಪರಿಣಾಮಕ್ರಮದ ಒಂದು ಆಕಸ್ಮಿಕವೆಂದೂ, ಅದಕ್ಕೆ ಹೆಚ್ಚಿನ ಮಹತ್ವವಿಲ್ಲವೆಂದು ಮುಂದೆ ತಿಳಿದುಬರಬಹುದೆಂದೂ ಆಗ ಬರೆದರು. ಈ ಬರಹವು ಪ್ರಕಟವಾದುದು ೧೯೬೩ರಲ್ಲಿ, ಎಂದರೆ ಲ್ಯಾನ್ಸೆಟ್ ಲೇಖನ ಬಂದ ಎರಡು ವರ್ಷಗಳ ಮೇಲೆ. ಆದರೆ ಇಷ್ಟರಲ್ಲಿ ಅಮೆರಿಕದ ಮಿನೆಸೋಟದಲ್ಲಿ ರಾಬರ್ಟ್ ಗುಡ್ ಅವರ ತಂಡವೂ, ಬಾಸ್ಟನ್ನಿನಲ್ಲಿ ವಾಕ್ಸ್‌ಮನ್ ಮತ್ತು ಸಂಗಡಿಗರೂ ೧೯೬೨ರಲ್ಲಿ ಸ್ವತಂತ್ರವಾಗಿ ಇಂಥವೇ ಫಲಿತಾಂಶಗಳನ್ನು ಪ್ರಕಟಿಸಿದ್ದರು. ಕೊಳಕಿನ ಆಕ್ಷೇಪಕ್ಕೆ ಮಿಲ್ಲರ್ ಅವರೇ ಉತ್ತರ ಕೊಟ್ಟರು. ೧೯೬೩ರಲ್ಲಿ ಅವರು ಅಮೆರಿಕಕ್ಕೆ ಹೋಗಿ, ಬೆಥೆಸ್ಡದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಸಂಪೂರ್ಣ ಕ್ರಿಮಿರಹಿತವಾಗಿ ಸಾಕಿದ ಸುಂಡಿಲಿಗಳ ಮೇಲೆ ಅದೇ ಶಸ್ತ್ರಕ್ರಿಯೆಯನ್ನು ನಡೆಸಿದರು. ಆ ಪ್ರಾಣಿಗಳು ಸೊರಗಲಿಲ್ಲ. ಆದರೂ ಅನ್ಯ ಚರ್ಮವನ್ನು ತಿರಸ್ಕರಿಸಲಾರದೆ ಹೋದುವು. ಸಾವಿಗೆ ಕಾರಣ ಸೋಂಕು ಎಂದ ಟೀಕಾಕಾರರ ಮಾತು ನಿಜವಾಯಿತು; ಆದರೆ ಆ ಸೋಂಕನ್ನು ಒಳಬಿಟ್ಟದ್ದು ಥೈಮಸಿನ ಅಭಾವವೇ ಎಂಬುದೂ ಅದರೊಡನೆ ಸಿದ್ಧವಾಯಿತು.

ಇದೇ ಅವಧಿಯ ಮತ್ತೆರಡು ಪ್ರಯೋಗಗಳು ನಮಗೆ ಬಹು ಸುಂದರವಾಗಿ ಕಾಣುತ್ತವೆ. ಬೆಳೆದ ಸುಂಡಿಲಿಯ ಥೈಮಸನ್ನು ತೆಗೆದು, ಬಳಿಕ ಕ್ಷಕಿರಣಗಳಿಂದ ಅದರ ಲಿಂಫೋಸೈಟುಗಳನ್ನೆಲ್ಲ ನಾಶಪಡಿಸಿದರೆ, ಪ್ರಾಣಿಯು ರೋಗನಿರೋಧ ಶಕ್ತಿಯನ್ನು ಮತ್ತೆ ಗಳಿಸಿಕೊಳ್ಳಲಾರದು. ಥೈಮಸ್ ಉಳಿದಿದ್ದರೆ ಗಳಿಸಿಕೊಳ್ಳುತ್ತದೆ. ಆದುದರಿಂದ ಬೆಳೆದ ಪ್ರಾಣಿಯಲ್ಲಿಯೂ ಥೈಮಸ್ ಪೂರ್ತಿಯಾಗಿ ನಿವೃತ್ತವಲ್ಲ, ಕರೆದರೆ ಎದ್ದು ಬರುವ ಶಕ್ತಿ ಅದಕ್ಕುಂಟು. ಇನ್ನೊಂದು ಪ್ರಯೋಗದಲ್ಲಿ, ಹುಟ್ಟಿದಾಗಲೇ ಥೈಮಸನ್ನು ಕಳೆದುಕೊಂಡ ಮರಿಗೆ ಅನ್ಯ ತಳಿಯ ಥೈಮಸನ್ನು ಕಸಿಮಾಡಲಾಯಿತು. ಅದು ಆರೋಗ್ಯವಂತವಾಗಿ ಬೆಳೆದು, ಮೂರನೆಯ ತಳಿಯ ಚರ್ಮವನ್ನು ತಿರಸ್ಕರಿಸಿತು. ಥೈಮಸನ್ನು ದಾನಮಾಡಿದ ತಳಿಯ ಚರ್ಮವನ್ನು ಮಾತ್ರ ತನ್ನದೆಂದು ಉಳಿಸಿಕೊಂಡಿತು. ತನ್ನದು ಯಾವುದು, ಅನ್ಯರದು ಯಾವುದು ಎಂಬ ಪಾಠವನ್ನು ಲಿಂಫೋಸೈಟುಗಳು ಕಲಿಯುವುದು ಥೈಮಸಿನೊಳಗೇ ಎಂದು ಇದರಿಂದ ಊಹಿಸಬಹುದಾಗಿತ್ತು. ಈ ಊಹೆಯು ದೃಢಪಡಲು ಎರಡು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. ಥೈಮಸಿಗೆ ಬರುವ ಎಳೆಯ ಕಣಗಳಲ್ಲಿ ಬಹುಪಾಲು ಅಲ್ಲಿಯೇ ಸಾಯುತ್ತವೆಂದೂ, ಏನನ್ನೂ ಗುರುತಿಸಲಾರದವೂ ಸ್ವಂತ ಶರೀರದ ಮೇಲೆ ಬೀಳುವಂಥವೂ ಹೀಗೆ ಜರಡಿಯಾಗಿ, ಉಳಿದ ಸ್ವಲ್ಪ ಭಾಗ ಮಾತ್ರ ಹೊರಗೆ ಹೋಗುವುದೆಂದೂ ಈಗ ನಮಗೆ ಗೊತ್ತು. ಸ್ಮಶಾನವೆಂಬ ಹಳೆಯ ಮಾತಿನಲ್ಲಿ ಅಷ್ಟುಮಟ್ಟಿಗೆ ಸತ್ಯಾಂಶವಿದ್ದಿತು.

ಆದರೆ ಒಂದು ತೊಡಕು ಉಳಿದಿತ್ತು. ಥೈಮಸಿಲ್ಲದ ಪ್ರಾಣಿಗಳು ಕೆಲವು ಬಗೆಯ ಪ್ರತಿಕಾಯಗಳನ್ನು ಉತ್ಪತ್ತಿ ಮಾಡಲಾರವು. ಥೈಮಸಿನ ಕಣಗಳಾದರೋ ತಾವಾಗಿ ಪ್ರತಿಕಾಯಗಳನ್ನು ಉತ್ಪತ್ತಿ ಮಾಡುವಂತೆ ಕಾಣುವುದಿಲ್ಲ. ಇದರ ಬಿಡುಗಡೆಯ ಎಳೆಯೊಂದು ಕೋಳಿಗಳಲ್ಲಿ ಆಗಲೇ ಸಿಕ್ಕಿದ್ದಿತು. ಹಕ್ಕಿಗಳ ಗುದದ್ವಾರದ ಬಳಿ ಫೆಬ್ರೀಷಿಯಸ್ಸನ ಚೀಲವೆಂಬ ಒಂದು ಸಣ್ಣ ಅಂಗವಿದೆ. ಒಹೈಯೋ ಸ್ಟೇಟ್ ವಿಶ್ವವಿದ್ಯಾನಿಲಯದ ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿಯು ಆ ಚೀಲವನ್ನು ತೆಗೆದು ಸಾಕಿಕೊಂಡಿದ್ದ ಕೋಳಿಗಳನ್ನು, ಚಾಂಗ್ ಎಂಬ ಅವರ ಸಹಪಾಠಿಯು ತರಗತಿಯಲ್ಲಿ ಪ್ರತಿಕಾಯದ ಪ್ರದರ್ಶನಕ್ಕಾಗಿ ಎರವಲು ಪಡೆದರು. ಪ್ರದರ್ಶನ ಕೆಟ್ಟಿತು; ಕೋಳಿಗಳಲ್ಲಿ ಪ್ರತಿಕಾಯವೇ ಉಂಟಾಗಲಿಲ್ಲ. ಕೆಟ್ಟ ಪ್ರದರ್ಶನದ ಕಾರಣವನ್ನು ಹುಡುಕಿಕೊಂಡು ಹೋಗಿ ಅವರು ಬರೆದ ಲೇಖನವನ್ನು ದೊಡ್ಡ ಪತ್ರಿಕೆಯೊಂದು ಹಿಂದಿರುಗಿಸಿತು. ೧೯೫೬ರಲ್ಲಿ ಅದು ಕೋಳಿಸಾಕಣೆಯ ಪತ್ರಿಕೆಯೊಂದರಲ್ಲಿ ಅಚ್ಚಾಗಿ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯಿತು. ೧೯೬೫ರಲ್ಲಿ ಮಿನೆಸೋಟದ ಮ್ಯಾಕ್ಸ್ ಕೂಪರ್ ಅವರು, ಕೋಳಿಯಲ್ಲಿ ಪ್ರತಿಕಾಯಗಳ ಉತ್ಪತ್ತಿಯು ಈ ಚೀಲವನ್ನೂ, ಕಸಿಯ ತಿರಸ್ಕಾರ ಮುಂತಾದುವು ಥೈಮಸನ್ನೂ ಅವಲಂಬಿಸಿವೆಯೆಂದು ಸ್ಪಷ್ಟಪಡಿಸಿದರು. ಆದರೆ ಮನುಷ್ಯನಿಗೂ ಇಲಿಗೂ ಅಂತಹ ಚೀಲವಿಲ್ಲ.

೧೯೬೬ರಲ್ಲಿ ಮಿಲ್ಲರ್ ಅವರು ಆಸ್ಟ್ರೇಲಿಯಕ್ಕೆ ಹಿಂದಿರುಗಿ, ಮೆಲ್ಬೋರ್ನಿನ ವಾಲ್ಟರ್ ಅಂಡ್ ಎಲೈಜಾ ಹಾಲ್ ಸಂಸ್ಥೆಯನ್ನು ಸೇರಿದರು. ಮ್ಯಾಕ್‌ಫರ್ಲೇನ್ ಬರ್ನೆಟ್ ಅವರ ತರುವಾಯ ಆ ಸಂಸ್ಥೆಯ ನಿರ್ದೇಶಕರಾಗಿದ್ದ ಗುಸ್ತಾವ್ ನಾಸಲ್ ಅವರು ಮಿಲ್ಲರ್ ಅವರ ಶಾಲಾದಿನಗಳ ಸ್ನೇಹಿತರು. ಅಲ್ಲಿ ಗ್ರಹಾಂ ಮಿಚೆಲ್ ಎಂಬ ಶಿಷ್ಯರೊಡನೆ ಮಿಲ್ಲರ್ ನಡೆಸಿದ ಪ್ರಯೋಗಗಳು ೧೯೬೮ರಲ್ಲಿ ಪ್ರಕಟವಾದುವು. ಥೈಮಸನ್ನು ತೆಗೆದ ಸುಂಡಿಲಿಗೆ ಕುರಿಯ ಕೆಂಪು ರಕ್ತಕಣಗಳನ್ನು ಚುಚ್ಚಿದರೆ ಪ್ರತಿಕಾಯಗಳು ಸರಿಯಾಗಿ ಹುಟ್ಟುವುದಿಲ್ಲ. ಅದರೊಡನೆ ಇನ್ನೊಂದು ಸುಂಡಿಲಿಯ ಥೈಮಸಿನ ಕಣಗಳನ್ನೋ, ಎದೆಯ ದುಗ್ಧನಾಳದಿಂದ ತೆಗೆದ ಲಿಂಫೋಸೈಟುಗಳನ್ನೋ ಕೊಟ್ಟರೆ ಹುಟ್ಟುತ್ತವೆ. ಹಾಗಾದರೆ ಪ್ರತಿಕಾಯವನ್ನು ಹೊರಸೂಸುತ್ತಿರುವ ಕಣ ಯಾರದು, ದಾನಿಯದೋ, ಪಡೆದವನದೋ? ಇಬ್ಬರ ಕಣಗಳನ್ನೂ ಬೇರೆ ಬೇರೆಯಾಗಿ ಗುರುತಿಸಬಲ್ಲಂತೆ ಅನುವಂಶೀಯ ಲಕ್ಷಣಗಳಲ್ಲಿ ಭೇದವಿರುವ ತಳಿಗಳನ್ನು ಅವರು ಆರಿಸಿಕೊಂಡಿದ್ದರು. ನಾಸಲ್ ಮೊದಲಾದವರೊಡನೆ ಕೂಡಿ, ವರ್ಣತಂತುವಿನ ಗುರುತನ್ನು ಒಂದೊಂದು ಕಣದಲ್ಲಿಯೂ ಪರೀಕ್ಷಿಸಿ ನೋಡಿದರು. ಪ್ರತಿಕಾಯವನ್ನು ಉತ್ಪತ್ತಿ ಮಾಡುತ್ತಿದ್ದ ಕಣವು ಥೈಮಸಿನದಲ್ಲ, ಅಸ್ಥಿಮಜ್ಜೆಯಿಂದ ಬಂದದ್ದು. ಥೈಮಸಿನ ಕಣವು ಅದಕ್ಕೆ ಸಹಾಯ ಮಾಡುತ್ತದೆ. ಸಹಾಯವಿಲ್ಲದೆ ಮಜ್ಜೆಯ ಕಣವು ಕೆಲಸಕ್ಕೆ ತೊಡಗಲಾರದು. ಸೂಕ್ಷ್ಮದರ್ಶಕದಲ್ಲಿ ಒಂದೇ ಬಗೆಯಾಗಿ ಕಾಣುವ ಲಿಂಫೋಸೈಟುಗಳಲ್ಲಿ ಎರಡು ಕುಲಗಳಿವೆಯೆಂದೂ, ಅವು ಕೂಡಿ ದುಡಿಯುವುವೆಂದೂ ಹೀಗೆ ಸಿದ್ಧವಾಯಿತು. ಅಮೆರಿಕದ ಕ್ಲಾಮನ್ ಮತ್ತು ಸಂಗಡಿಗರು ೧೯೬೬ರಲ್ಲಿಯೇ ಥೈಮಸಿನ ಕಣಗಳೂ ಮಜ್ಜೆಯ ಕಣಗಳೂ ಕೂಡಿದಾಗ ಪ್ರತಿಕಾಯಗಳು ಹೆಚ್ಚುವುದನ್ನು ಕಂಡಿದ್ದರು. ಯಾವುದರ ಕೆಲಸ ಯಾವುದೆಂದು ಬೇರ್ಪಡಿಸಿದ ಕೀರ್ತಿ ಮಿಲ್ಲರ್ ಮತ್ತು ಮಿಚೆಲ್ ಅವರಿಗೆ ಸಲ್ಲಬೇಕು.

೧೯೬೯ರಲ್ಲಿ ಈ ಎರಡು ಕುಲಗಳಿಗೆ 'ಟಿ' ಮತ್ತು 'ಬಿ' ಎಂಬ ಚಿಕ್ಕ ಹೆಸರುಗಳು ಬಂದುವು. ಟಿ ಎಂಬುದು ಥೈಮಸಿನ ಮೊದಲ ಅಕ್ಷರ, ಬಿ ಎಂಬುದು ಹಕ್ಕಿಯ ಚೀಲಕ್ಕೆ ಇಂಗ್ಲಿಷಿನಲ್ಲಿರುವ ಹೆಸರಿನ ಮೊದಲ ಅಕ್ಷರ. ಇಂದು ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಯೂ ಕಂಠಪಾಠ ಮಾಡುವ ಈ ವಿಭಾಗವನ್ನು ಆ ದಿನಗಳಲ್ಲಿ ಅನಾವಶ್ಯಕವಾದ ಗೊಂದಲವೆಂದು ಹಳಿದವರೂ ಇದ್ದರು. ೧೯೬೫ರಲ್ಲಿ ಫಿಲಡೆಲ್ಫಿಯದ ಏಂಜಲೊ ಡಿಜಾರ್ಜ್ ಎಂಬ ವೈದ್ಯರು ಹು­ಟ್ಟಿನಿಂದಲೇ ಥೈಮಸ್ ಇಲ್ಲದ ಶಿಶುಗಳನ್ನು ಕುರಿತು ತಿಳಿಸಿದ್ದರು. ಮಿಲ್ಲರ್ ಅವರ ಸುಂಡಿಲಿಗಳ ಪಾಡು ಮನುಷ್ಯರಲ್ಲಿಯೂ ಉಂಟೆಂಬುದು ಅದರಿಂದ ತಿಳಿದಿತ್ತು. ಮುಂದೆ ಏಡ್ಸ್ ರೋಗವು ಬಂದಾಗ, ಅದರ ವೈರಸ್ಸು ಸಹಾಯಕ ಟಿ ಕಣಗಳನ್ನೇ ಹಾಳುಮಾಡುವುದೆಂದು ಬೇಗನೆ ಗುರುತಿಸುವುದಕ್ಕೆ ಈ ವಿಭಾಗವೇ ದಾರಿಯಾಯಿತು. ರೋಗಿಯ ಟಿ ಕಣಗಳನ್ನು ಹೊರತೆಗೆದು, ಕ್ಯಾನ್ಸರನ್ನು ಗುರುತಿಸುವಂತೆ ಮಾರ್ಪಡಿಸಿ, ಮತ್ತೆ ಮೈಗೆ ಸೇರಿಸುವ ಚಿಕಿತ್ಸೆಯೂ ಈಗ ಬಳಕೆಯಲ್ಲಿದೆ, ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಆಸ್ಪತ್ರೆಗಳ ಸಹಯೋಗದಿಂದ ರೂಪುಗೊಂಡ ಇಂತಹದೊಂದು ಚಿಕಿತ್ಸೆಗೆ ೨೦೨೩ರಲ್ಲಿ ನಮ್ಮ ದೇಶದಲ್ಲಿ ಅನುಮತಿ ದೊರೆತಿದೆ. ಮಿಲ್ಲರ್ ಅವರಿಗೆ ೨೦೦೧ರಲ್ಲಿ ರಾಯಲ್ ಸೊಸೈಟಿಯ ಕಾಪ್ಲಿ ಪದಕವೂ, ಕೂಪರ್ ಅವರೊಡನೆ ೨೦೧೮ರಲ್ಲಿ ಜಪಾನ್ ಪಾರಿತೋಷಕವೂ ೨೦೧೯ರಲ್ಲಿ ಲ್ಯಾಸ್ಕರ್ ಪಾರಿತೋಷಕವೂ ದೊರೆತುವು. ಲ್ಯಾನ್ಸೆಟ್ ಲೇಖನಕ್ಕೂ ಲ್ಯಾಸ್ಕರ್ ಪಾರಿತೋಷಕಕ್ಕೂ ನಡುವೆ ಐವತ್ತೆಂಟು ವರ್ಷಗಳ ಅಂತರ.

ಶಸ್ತ್ರಕ್ರಿಯೆಯ ದಿನವನ್ನು ಬದಲಾಯಿಸಿದರೆ ಫಲವೂ ಬದಲಾಗುವುದೆಂಬ ಸಂಗತಿಗೆ ಇನ್ನೂ ಒಂದು ಮುಂದಿನ ಭಾಗವಿದೆ. ೧೯೬೯ರಲ್ಲಿ ಜಪಾನಿನ ನಿಷಿಜುಕ ಮತ್ತು ಸಕಾಕುರ ಎಂಬವರು ಸುಂಡಿಲಿಯ ಥೈಮಸನ್ನು ಹುಟ್ಟಿದ ದಿನ ತೆಗೆಯದೆ, ಮೂರನೆಯ ದಿನ ತೆಗೆದರು. ಈ ಮರಿಗಳು ಸೊರಗಿ ಸಾಯಲಿಲ್ಲ. ಆದರೆ ಹೆಣ್ಣು ಮರಿಗಳ ಅಂಡಾಶಯಗಳು ನಾಶವಾಗಿಹೋದುವು. ಅವುಗಳ ಶರೀರವೇ ತನ್ನ ಅಂಗಗಳ ಮೇಲೆ ಬಿದ್ದು ಅವನ್ನು ಹಾಳುಮಾಡಿತ್ತು ಎಂಬುದು ಕ್ರಮೇಣ ಖಚಿತವಾಯಿತು. ಮೊದಲ ಮೂರು ದಿನಗಳಲ್ಲಿ ಥೈಮಸಿನಿಂದ ಹೊರಟ ಕಣಗಳು ದಾಳಿಮಾಡಬಲ್ಲವು. ಅವುಗಳನ್ನು ಹತೋಟಿಯಲ್ಲಿಡುವ ಇನ್ನೊಂದು ಬಗೆಯ ಕಣಗಳು ತರುವಾಯ ಹೊರಡಬೇಕಾಗಿದ್ದುವು, ಅವು ಹೊರಡುವ ಮುನ್ನವೇ ಗ್ರಂಥಿಯನ್ನು ತೆಗೆದದ್ದಾಯಿತು. ಈ ಎಳೆಯನ್ನೇ ಹಿಡಿದು ಶಿಮೊನ್ ಸಕಾಗುಚಿ ಅವರು ೧೯೯೫ರಲ್ಲಿ ಆ ನಿಯಂತ್ರಕ ಟಿ ಕಣಗಳನ್ನು ಗುರುತಿಸಿದರು. ಅವುಗಳಿಗೆ ಅತ್ಯಗತ್ಯವಾದ ಜೀನನ್ನು ಪತ್ತೆಹಚ್ಚಿದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರೊಡನೆ ಸಕಾಗುಚಿ ಅವರಿಗೆ ೨೦೨೫ರ ನೊಬೆಲ್ ಪಾರಿತೋಷಕ ಸಂದಿತು.

ಇನ್ನು ಬೆಳೆದ ಮನುಷ್ಯರ ವಿಚಾರ. ಹೃದಯದ ಶಸ್ತ್ರಕ್ರಿಯೆಯಲ್ಲಿ, ಮುಖ್ಯವಾಗಿ ಎಳೆಗೂಸುಗಳಲ್ಲಿ, ಹೃದಯವು ಕೈಗೆ ಸಿಗುವುದಕ್ಕಾಗಿ ಅದರ ಮೇಲೆ ಕವಿದಿರುವ ಥೈಮಸಿನ ಭಾಗವನ್ನೋ ಪೂರ್ತಿ ಗ್ರಂಥಿಯನ್ನೋ ತೆಗೆದುಹಾಕುವುದು ವಾಡಿಕೆ. ದೊಡ್ಡವರಲ್ಲಿಯಂತೂ ಅದನ್ನು ತೆಗೆದರೆ ಹಾನಿಯಿಲ್ಲವೆಂಬ ಭಾವನೆ ಮಿಲ್ಲರ್ ಅವರ ಸಂಶೋಧನೆಯ ಅನಂತರವೂ ಉಳಿದಿತ್ತು; ಬೆಳೆದ ಸುಂಡಿಲಿಗಳ ಪ್ರಯೋಗವೇ ಅದಕ್ಕೆ ಆಧಾರವೆನ್ನುವಂತಿತ್ತು. ೨೦೨೩ರಲ್ಲಿ ಬಾಸ್ಟನ್ನಿನ ಸಂಶೋಧಕರು, ಬೆಳೆದ ಮೇಲೆ ಥೈಮಸನ್ನು ತೆಗೆಸಿಕೊಂಡವರನ್ನೂ, ಎದೆಯ ಶಸ್ತ್ರಕ್ರಿಯೆಯಾದರೂ ಥೈಮಸ್ ಉಳಿದುಕೊಂಡವರನ್ನೂ ಹೋಲಿಸಿ ನೋಡಿದರು. ಶಸ್ತ್ರಕ್ರಿಯೆಯಾದ ಐದು ವರ್ಷಗಳಲ್ಲಿ ಮೊದಲಿನವರ ಪೈಕಿ ನೂರಕ್ಕೆ ೮.೧ ಮಂದಿಯೂ, ಎರಡನೆಯವರ ಪೈಕಿ ನೂರಕ್ಕೆ ೨.೮ ಮಂದಿಯೂ ತೀರಿಕೊಂಡಿದ್ದರು. ಕ್ಯಾನ್ಸರ್ ತಗುಲಿದವರು ಕ್ರಮವಾಗಿ ನೂರಕ್ಕೆ ೭.೪ ಮತ್ತು ೩.೭. ಇದು ಹಿಂದಿನ ದಾಖಲೆಗಳನ್ನು ಹೋಲಿಸಿ ತೆಗೆದ ಲೆಕ್ಕವೇ ಹೊರತು ಪ್ರಯೋಗವಲ್ಲ. ಎರಡು ಗುಂಪುಗಳ ರೋಗಿಗಳು ಬೇರೆ ವಿಷಯಗಳಲ್ಲಿಯೂ ಭಿನ್ನರಾಗಿದ್ದಿರಬಹುದು. ಆದಾಗ್ಯೂ, ಸುಂಡಿಲಿಗಳನ್ನು ವಾರಗಳ ಅಥವಾ ತಿಂಗಳುಗಳ ಮಟ್ಟಿಗೆ ನೋಡಿ ಹಾನಿಯಿಲ್ಲವೆಂದು ಹೇಳಿದ್ದಕ್ಕೂ, ಮನುಷ್ಯರನ್ನು ಐದು ವರ್ಷಗಳ ಕಾಲ ನೋಡಿ ಹೇಳುವುದಕ್ಕೂ ಅಂತರವಿದೆಯೆಂಬುದನ್ನು ಈ ಅಂಕಿಗಳು ತೋರಿಸುತ್ತವೆ. ಎಳೆಗೂಸುಗಳ ಶಸ್ತ್ರಕ್ರಿಯೆಯಲ್ಲಿ ಗ್ರಂಥಿಯ ಒಂದು ತುಣುಕನ್ನಾದರೂ ಉಳಿಸಲು ಸಾಧ್ಯವೇ ಎಂಬ ಪ್ರಶ್ನೆಯೂ ಶಸ್ತ್ರವೈದ್ಯರ ಮುಂದಿದೆ.